ಮಾರ್ಚಿನಲ್ಲಿ ಸುರಿದ ಪೊಟ್ಟಣ

ಈ ತಿಂಗಳು ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಣಗಿದ ಗಿಡಗಳ ಬಗ್ಗೆ. ಒಬ್ಬರು ಒಣಗಿದ ಎಲೆಯನ್ನೇ ಲಕೋಟೆಗೆ ಹಾಕಿ ಕಳಿಸಿದ್ದಾರೆ. ನನ್ನ ಮೇಜಿಗೆ ಬರುವಷ್ಟರಲ್ಲಿ ಅದು ಪುಡಿಯಾಗಿ, ಶತಾವರಿಯೋ ಸಬ್ಬಸಿಗೆಯೋ ಎಂದು ಗುರುತಿಸುವಂತಿರಲಿಲ್ಲ. ಹೊಸ ಓದುಗರಿಗೆ ಒಂದು ಮಾತು: ನಾನು ಕೃಷಿ ಪದವೀಧರನಲ್ಲ. ಪ್ರಯೋಗಾಲಯವೊಂದರಲ್ಲಿ ಮೂವತ್ತೊಂದು ವರ್ಷ ಗಾಜಿನ ತಟ್ಟೆಗಳ ಮೇಲೆ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆಗಳನ್ನು ಎಣಿಸಿ, ನಿವೃತ್ತನಾಗಿ, ಶಿರಸಿಯಿಂದ ಹುಲೇಕಲ್ಲಿಗೆ ಹೋಗುವ ರಸ್ತೆಯ ಪಕ್ಕದ ಹಳೆಯ ಮನೆಗೆ ಮರಳಿದವನು. ಚುಕ್ಕೆ ಎಣಿಸಲು ಬರುವವನಿಗೆ ಗಿಡ ಬೆಳೆಸಲೂ ಬರುತ್ತದೆ ಎಂದುಕೊಂಡಿದ್ದೆ. ಆ ಕತೆ ಕೆಳಗಿದೆ.

ಪ್ರಶ್ನೆ: ನಮ್ಮ ಬ್ಯಾಣದಲ್ಲಿ (ತೋಟದ ಪಕ್ಕದ ಹುಲ್ಲುಗಾವಲಿನಲ್ಲಿ) ಕಳೆದ ಜುಲೈನಲ್ಲಿ 300 ಶತಾವರಿ ಸಸಿ ನೆಟ್ಟೆವು. ದೀಪಾವಳಿಯವರೆಗೆ ಚೆನ್ನಾಗಿದ್ದವು. ಫೆಬ್ರುವರಿಯಲ್ಲಿ ಹಳದಿಯಾಗತೊಡಗಿದವು. ಅಂಗಡಿಯವರ ಮಾತಿನಂತೆ ಮಾರ್ಚಿನಲ್ಲಿ ಅಜೋಸ್ಪಿರಿಲಂ, ರಂಜಕ ಕರಗಿಸುವ ಬ್ಯಾಕ್ಟೀರಿಯಾ, ಮೈಕೊರೈಜಾ ಮೂರನ್ನೂ ತಂದು ನೀರಿನಲ್ಲಿ ಕದಡಿ ಬುಡಕ್ಕೆ ಹೊಯ್ದೆವು. ಏಪ್ರಿಲ್ ಮುಗಿಯುವಷ್ಟರಲ್ಲಿ ನೂರು ಸಸಿಯೂ ಉಳಿಯಲಿಲ್ಲ. ಜೈವಿಕ ಗೊಬ್ಬರ ಬರವನ್ನು ತಡೆಯುತ್ತದೆ ಎಂಬುದು ಸುಳ್ಳೇ? ಎರಡು ಪಟ್ಟು ಹಾಕಬೇಕಿತ್ತು ಎಂದು ಅಂಗಡಿಯವರು ಈಗ ಹೇಳುತ್ತಾರೆ.
— ಬನವಾಸಿ ಬದಿಯ ಓದುಗರು

ಉತ್ತರ: ಅಂಗಡಿಯ ಹೆಸರನ್ನೂ ಬರೆದಿದ್ದೀರಿ, ಅದನ್ನು ತೆಗೆದಿದ್ದೇನೆ. ನಿಮ್ಮ ಜಗಳ ಇರಬೇಕಾದದ್ದು ಪಂಚಾಂಗದ ಜೊತೆ. ಆರಿದ್ರಾ ಮಳೆಯಲ್ಲಿ ಮಾಡಬೇಕಾದ ಕೆಲಸವನ್ನು ಮಾರಿಜಾತ್ರೆಯ ಹೊತ್ತಿಗೆ ಮಾಡಿದ್ದೀರಿ. ಹತ್ತು ಪಟ್ಟು ಸುರಿದಿದ್ದರೂ ಆಗುತ್ತಿದ್ದದ್ದು ಇಷ್ಟೇ.

ಪೊಟ್ಟಣದಲ್ಲಿರುವವು ಜೀವಿಗಳು. ಅವಕ್ಕೂ ನೀರು ಬೇಕು, ಅನ್ನ ಬೇಕು. ಅನ್ನ ಹಾಕುವುದು ಗಿಡ. ಮೈಕೊರೈಜಾ ಎನ್ನುವುದು ಬೇರಿನೊಳಗೆ ಮನೆ ಮಾಡುವ ಶಿಲೀಂಧ್ರ. ಬೇರುಗೂದಲಿಗಿಂತ ಸಪೂರವಾದ ಎಳೆಗಳನ್ನು ಮಣ್ಣಿಗೆ ಚಾಚಿ, ಬೇರು ನುಗ್ಗಲಾರದ ಸಂದಿಗಳಿಂದ ರಂಜಕವನ್ನೂ ನೀರನ್ನೂ ತಂದುಕೊಡುತ್ತದೆ. ಪುಕ್ಕಟೆ ದುಡಿಮೆಯಲ್ಲ ಇದು. ಗಿಡ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಶೇ. 4ರಿಂದ 20ರವರೆಗೆ ಈ ಶಿಲೀಂಧ್ರಕ್ಕೆ ಸಲ್ಲುತ್ತದೆ. 1974ರ ಭೂಸುಧಾರಣೆಯೊಂದಿಗೆ ನಮ್ಮ ಜಿಲ್ಲೆಯ ಗದ್ದೆಗಳಲ್ಲಿ ಗೇಣಿ ಹೋಯಿತು. ಬೇರಿನಲ್ಲಿ ಇನ್ನೂ ನಡೆದಿದೆ. ಮಾರ್ಚಿನಲ್ಲಿ ಎಲೆ ಹಳದಿಯಾಗಿ, ಹೊಸ ಬೇರು ಬಿಡುವುದನ್ನೇ ನಿಲ್ಲಿಸಿದ ಸಸಿ ಗೇಣಿಯನ್ನು ಎಲ್ಲಿಂದ ತಂದೀತು? ಶಿಲೀಂಧ್ರ ಬೇರಿನೊಳಗೆ ನೆಲೆಯೂರಲು ಕೆಲವು ವಾರಗಳು ಬೇಕು, ಆ ವಾರಗಳಲ್ಲಿ ಬೇರು ಬೆಳೆಯುತ್ತಿರಬೇಕು, ಮಣ್ಣು ಹಸಿಯಿರಬೇಕು. ನಿಮ್ಮ ಬ್ಯಾಣದಲ್ಲಿ ಆಗ ಮೂರೂ ಇರಲಿಲ್ಲ.

ಅಜೋಸ್ಪಿರಿಲಂ ಪಾಡು ಇನ್ನೂ ಕಷ್ಟ. ಬ್ಯಾಸಿಲಸ್ ಜಾತಿಯವು ಗಟ್ಟಿ ಬೀಜಕ ಕಟ್ಟಿಕೊಂಡು ಒಣ ಮಣ್ಣಿನಲ್ಲೂ ಮಲಗಿರಬಲ್ಲವು. ಅಜೋಸ್ಪಿರಿಲಂಗೆ ಆ ಜಾಣತನವಿಲ್ಲ. ಹಸಿ ಮಣ್ಣಿನಲ್ಲಿ, ಎಳೆ ಬೇರಿನ ಸುತ್ತ ಇದ್ದರೆ ಅದು ದೊಡ್ಡ ಉಪಕಾರಿ. ಗಾಳಿಯ ಸಾರಜನಕವನ್ನು ಹಿಡಿದುಕೊಡುವುದು ಅದರ ಹೆಸರಾದ ಕೆಲಸ; ಬೇರು ಹೆಚ್ಚು ಕವಲೊಡೆಯುವಂತೆ ಮಾಡುವ ಚೋದಕವನ್ನು ಸ್ರವಿಸುವುದು ಬರದ ದೃಷ್ಟಿಯಿಂದ ಅದಕ್ಕಿಂತ ಮುಖ್ಯ. ಸೆಪ್ಟೆಂಬರಿನಲ್ಲಿ ಆದ ಕವಲು ಏಪ್ರಿಲಿನಲ್ಲಿ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ನನ್ನ ಹಳೆಯ ಕಸುಬಿಗೆ ದ್ರೋಹವಾಗುತ್ತದೆ. ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುವುದನ್ನು ನೋಡಿದ್ದೀರಲ್ಲ, ಆ ಹೊಗೆಯಲ್ಲಿ ಎಥಿಲೀನ್ ಎಂಬ ಅನಿಲವಿರುತ್ತದೆ. ಬಾಯಾರಿದ ಗಿಡ ಅದೇ ಅನಿಲವನ್ನು ತನ್ನೊಳಗೇ ಹುಟ್ಟಿಸಿಕೊಳ್ಳುತ್ತದೆ. ಅದು ಹೆಚ್ಚಾದರೆ ಬೇರಿನ ಬೆಳವಣಿಗೆ ಕುಂಠಿತವಾಗುತ್ತದೆ, ಎಲೆ ಅವಧಿಗೆ ಮೊದಲೇ ಹಣ್ಣಾಗಿ ಉದುರುತ್ತದೆ. ಬೇರಿನ ಸುತ್ತ ಬದುಕುವ ಕೆಲವು ಸೂಡೊಮೊನಾಸ್ ಮತ್ತು ಬ್ಯಾಸಿಲಸ್ ತಳಿಗಳು ಈ ಎಥಿಲೀನಿನ ಕಚ್ಚಾವಸ್ತುವನ್ನೇ ತಿಂದುಬಿಡುತ್ತವೆ. ಗಿಡಕ್ಕೆ ಬಾಯಾರಿಕೆ ಇದ್ದೇ ಇರುತ್ತದೆ, ಗಾಬರಿ ಮಾತ್ರ ಕಡಿಮೆಯಾಗುತ್ತದೆ. ಇನ್ನು ಕೆಲವು ಬ್ಯಾಕ್ಟೀರಿಯಾ ಲೋಳೆಯಂಥ ಪದಾರ್ಥವನ್ನು ಸ್ರವಿಸಿ ಬೇರಿನ ಸುತ್ತಲ ಮಣ್ಣಿನಲ್ಲಿ ತೇವ ಹಿಡಿದಿಡುತ್ತವೆ. ಹತ್ತು ದಿನ ತಡೆಯುವ ಗಿಡ ಹದಿನೈದು ದಿನ ತಡೆದೀತು. ನವೆಂಬರಿನಿಂದ ಮೇವರೆಗೆ ನೀರೇ ಇಲ್ಲದೆ ಬದುಕಿಸುವ ಬ್ಯಾಕ್ಟೀರಿಯಾ ನನ್ನ ತಟ್ಟೆಯಲ್ಲಿ ಎಂದೂ ಬೆಳೆಯಲಿಲ್ಲ.

ಈಗ ನನ್ನ ಕತೆ. ನಿವೃತ್ತನಾದ ಮೊದಲ ಮಳೆಗಾಲದಲ್ಲಿ ಶತಾವರಿಯ ನಾಲ್ಕು ಸಾಲು ನೆಟ್ಟೆ, ಸಾಲಿಗೆ ಇಪ್ಪತ್ತು ಸಸಿ. ಒಂದಕ್ಕೆ ಕೊಟ್ಟಿಗೆ ಗೊಬ್ಬರ ಮತ್ತು ಸೂಕ್ಷ್ಮಜೀವಿ, ಇನ್ನೊಂದಕ್ಕೆ ಬರೀ ಗೊಬ್ಬರ, ಮೂರನೆಯದಕ್ಕೆ ಬರೀ ಸೂಕ್ಷ್ಮಜೀವಿ, ಕೊನೆಯದಕ್ಕೆ ಏನೂ ಇಲ್ಲ. ಗೂಟ ಹುಗಿದು ಚೀಟಿ ಕಟ್ಟಿದೆ. ಏಪ್ರಿಲಿನಲ್ಲಿ ಎಣಿಸಲು ಹೋದರೆ ಏನೂ ಹಾಕದ ಸಾಲು ಎಲ್ಲಕ್ಕಿಂತ ಹಸಿರಾಗಿತ್ತು. ಒಂದು ದಿನವಿಡೀ ತಲೆ ಕೆಡಿಸಿಕೊಂಡೆ. ಸಂಜೆ ಗೊತ್ತಾಯಿತು: "ಆ ಸಾಲಿಗೆ ಏನನ್ನೂ ಕೊಟ್ಟಿಲ್ಲ ಎಂದಿರಲ್ಲ, ಪಾಪ ಅನಿಸಿತು" ಎಂದು ಹೆಂಡತಿ ನವರಾತ್ರಿ ಕಳೆದ ಮೇಲೆ ಅದರ ಬುಡಕ್ಕೆ ಒಂದು ಗೇಣು ದಪ್ಪ ದರಕು, ಅಂದರೆ ಒಣ ತರಗೆಲೆ, ಹೊದಿಸಿದ್ದಳು. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಏಕೆಂದರೆ ನಾನು ಚೀಟಿ ನೋಡುತ್ತಿದ್ದೆ.

ಮುಂದಿನ ಪ್ರಯೋಗ 2023ರಲ್ಲಿ. ಆ ವರ್ಷದ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಈ ಬಾರಿ ಎಲ್ಲ ಸಸಿಗೂ ಗೊಬ್ಬರ, ಎಲ್ಲಕ್ಕೂ ದರಕು. ನಲವತ್ತಕ್ಕೆ ಕೊಟ್ಟೆಯಲ್ಲಿ, ಅಂದರೆ ಸಸಿ ಬೆಳೆಸುವ ಚೀಲದಲ್ಲಿ, ಇದ್ದಾಗಲೇ ಮೈಕೊರೈಜಾ, ಉಳಿದ ನಲವತ್ತಕ್ಕೆ ಇಲ್ಲ. ಮರುವರ್ಷದ ಮೇ ತಿಂಗಳಲ್ಲಿ ಉಳಿದದ್ದು ಮೊದಲಿನದರಲ್ಲಿ 31, ಎರಡನೆಯದರಲ್ಲಿ 22. ಒಂದು ಹಿತ್ತಲಿನ, ಒಂದೇ ವರ್ಷದ ಲೆಕ್ಕ ಇದು. ಇದನ್ನು ಹಿಡಿದು ಸಾಲ ಮಾಡಬೇಡಿ. ಆದರೂ ಹೊದಿಕೆ ಮೊದಲು, ಪೊಟ್ಟಣ ಆಮೇಲೆ ಎಂಬ ಕ್ರಮದಲ್ಲಿ ನನಗೆ ಈಗ ಸಂಶಯವಿಲ್ಲ.

ನೀವು ಮುಂದಿನ ಸಲ ಹೀಗೆ ಮಾಡಿ. ಮೈಕೊರೈಜಾವನ್ನು ಸಸಿ ಕೊಟ್ಟೆಯಲ್ಲಿರುವಾಗಲೇ, ಬೀಜದ ಕೆಳಗೆ ಒಂದು ಚಿಟಿಕೆಯಂತೆ ಹಾಕಿ. ಬೇರಿಗೆ ತಾಗಬೇಕು, ಮೇಲೆ ಉದುರಿಸಿ ಉಪಯೋಗವಿಲ್ಲ. ಅಜೋಸ್ಪಿರಿಲಂ ಮತ್ತು ರಂಜಕದ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಕಳಿತ, ಬಿಸಿ ಆರಿದ ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿ ಮುಚ್ಚಿ ಒಂದು ವಾರ ಬಿಡಿ. ನೆಡುವಾಗ ಗುಂಡಿಗೆ ಎರಡು ಕಿಲೋದಂತೆ ಅದನ್ನು ಕೊಡಿ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ. ಅದರಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಹಿಡಿದುಕೊಂಡರೆ ಬಿಡುವುದಿಲ್ಲ. ಆದ್ದರಿಂದ ಈ ಶಿಲೀಂಧ್ರಕ್ಕೆ ಇಲ್ಲಿ ಮಾಡಲು ಬೇಕಾದಷ್ಟು ಕೆಲಸವಿದೆ. ಜೊತೆಗೆ ಸೂಪರ್ ಫಾಸ್ಫೇಟ್ ಸುರಿದಿರೋ, ಸುಲಭವಾಗಿ ರಂಜಕ ಸಿಕ್ಕ ಗಿಡ ಶಿಲೀಂಧ್ರವನ್ನು ಒಳಗೆ ಬಿಟ್ಟುಕೊಳ್ಳುವುದು ಕಡಿಮೆಯಾಗುತ್ತದೆ. ಸುಣ್ಣ ಎಷ್ಟು ಬೇಕು ಎಂಬುದನ್ನು ಮಣ್ಣು ಪರೀಕ್ಷೆಯ ನಂತರವೇ ತೀರ್ಮಾನಿಸಿ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ನನಗೆ ಅಂಚೆಯಲ್ಲಿ ಮಣ್ಣು ಕಳಿಸಬೇಡಿ, ಈಗಾಗಲೇ ಎರಡು ಡಬ್ಬಿ ಬಂದಿವೆ.

ಹೊದಿಕೆಯನ್ನು ಮಳೆ ಪೂರ್ತಿ ಹೋದ ಮೇಲೆ ಹಾಕಿದರೆ ಒಣ ಮಣ್ಣಿಗೆ ಟೊಪ್ಪಿ ಹಾಕಿದಂತೆ. ಸ್ವಾತಿ ಮಳೆಯ ಹೊತ್ತಿಗೆ, ಮಣ್ಣು ಹಸಿಯಿರುವಾಗಲೇ ದರಕು, ಕರಡ, ಅಡಿಕೆ ಸೋಗೆ, ಏನಿದೆಯೋ ಅದನ್ನು ಹೊದಿಸಿ. ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಡಿ, ಒರಲೆ ಕಾಂಡಕ್ಕೇ ಏರುತ್ತದೆ. ಬ್ಯಾಣದ ಅಂಚಿನಲ್ಲಿ ಬೆಂಕಿರೇಖೆ ಮರೆಯಬೇಡಿ. ದರಕಿಗಾಗಿ ಬೆಟ್ಟವನ್ನು ನುಣ್ಣಗೆ ಗುಡಿಸಲೂಬೇಡಿ. ಬ್ರಿಟಿಷರ ಕಾಲದಲ್ಲಿ ಘಟ್ಟದ ಮೇಲಿನ ತೋಟಿಗರಿಗೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ, ಅಂದರೆ ಗೊಬ್ಬರಕ್ಕೆ ಸೊಪ್ಪು, ದರಕು ತರುವ ಕಾಡಿನ, ಸವಲತ್ತು ಸಿಕ್ಕಿತು. ಅದನ್ನು ಬೋಳು ಮಾಡಿಕೊಂಡವರು ಎಷ್ಟು ಜನ ಎಂದು ಬಸ್ಸಿನ ಕಿಟಕಿಯಿಂದಲೇ ಎಣಿಸಬಹುದು. ಬೆಟ್ಟದ ಮರಗಳ ಬೇರಿಗೂ ಹೊದಿಕೆ ಬೇಕು.

ಪೊಟ್ಟಣ ಕೊಳ್ಳುವಾಗ ಬೆಲೆಗಿಂತ ಮೊದಲು ತಯಾರಾದ ತಾರೀಕು ನೋಡಿ. ಪುಡಿ ರೂಪದ ಬ್ಯಾಕ್ಟೀರಿಯಾ ಗೊಬ್ಬರದ ಒಂದು ಗ್ರಾಮಿನಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು ಎಂಬುದು ಸರ್ಕಾರದ ಮಾನದಂಡ. ಬೇಸಗೆಯಲ್ಲಿ ಬಸ್ಸಿನ ತಲೆಯ ಮೇಲೆ ಪ್ರಯಾಣ ಮಾಡಿ ಬಂದ ಪೊಟ್ಟಣಗಳನ್ನು ನಾನು ಎಣಿಸಿದ್ದೇನೆ. ತಟ್ಟೆ ತುಂಬ ಚುಕ್ಕೆ ಇರಬೇಕಾದಲ್ಲಿ ಎರಡು ಕೈ ಬೆರಳುಗಳು ಸಾಕಾಗುತ್ತಿದ್ದವು.

ಪ್ರಶ್ನೆ: ಅಡಿಕೆ ತೋಟದಲ್ಲಿ ಸರ್ಪಗಂಧ, ಹಿಪ್ಪಲಿ, ಒಂದೆಲಗ ಇವೆ. ಬುಡಕ್ಕೆ ಟ್ರೈಕೊಡರ್ಮಾ (ರೋಗ ತಡೆಯುವ ಶಿಲೀಂಧ್ರ) ಬೆರೆಸಿದ ಗೊಬ್ಬರ ಕೊಡುತ್ತೇವೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲೇಬೇಕು. ಎರಡೂ ಒಟ್ಟಿಗೆ ನಡೆಯುತ್ತವೆಯೇ?
— ಸಿದ್ದಾಪುರ ತಾಲೂಕಿನ ಓದುಗರು

ಉತ್ತರ: ಇದರಲ್ಲಿ ನಾನು ಪೆಟ್ಟು ತಿಂದವನು. ಸೋಮವಾರ ತೋಟಕ್ಕೆಲ್ಲ ಸೂಕ್ಷ್ಮಜೀವಿಯ ಗೊಬ್ಬರ ಕೊಟ್ಟು ಬೆನ್ನು ನೆಟ್ಟಗೆ ಮಾಡಿದ್ದೆ. ಅಡಿಕೆ ಮರ ಹತ್ತಿ ಔಷಧ ಹೊಡೆಯುವ ಕೊನೆಗೌಡ ತಿಂಗಳಿನಿಂದ ಕೈಗೆ ಸಿಗದಿದ್ದವನು ಗುರುವಾರ ತಾನಾಗಿಯೇ ಪ್ರತ್ಯಕ್ಷನಾದ. ಸಿಕ್ಕ ಕೊನೆಗೌಡನನ್ನು ವಾಪಸು ಕಳಿಸುವ ಧೈರ್ಯ ನಮ್ಮ ಸೀಮೆಯಲ್ಲಿ ಯಾರಿಗಿದೆ? ಸಂಜೆಗೆ ಒಂದೆಲಗದ ಮೇಲೆಲ್ಲ ನೀಲಿ ಹನಿ.

ಮೈಲುತುತ್ತದ ತಾಮ್ರಕ್ಕೆ ಒಳ್ಳೆಯದು, ಕೆಟ್ಟದ್ದು ಎಂಬ ಭೇದವಿಲ್ಲ. ಅದು ಮಳೆಗೆ ಸುಲಭದಲ್ಲಿ ತೊಳೆದುಹೋಗುವುದೂ ಇಲ್ಲ. ವರ್ಷ ವರ್ಷ ಮೇಲ್ಮಣ್ಣಿನಲ್ಲೇ ಸೇರುತ್ತ ಹೋಗುತ್ತದೆ. ಹಾಗೆಂದು ಬೋರ್ಡೋ ಬಿಡಿ ಎಂದು ಹೇಳಲಾರೆ, ಕೊಳೆ ಬಂದರೆ ತೋಟಿಗನ ವರ್ಷವೇ ಹೋಗುತ್ತದೆ. ನಾನು ಈಗ ಮಾಡುವುದು ಇಷ್ಟು: ಸೂಕ್ಷ್ಮಜೀವಿಯ ಗೊಬ್ಬರಕ್ಕೂ ಔಷಧ ಹೊಡೆಯುವುದಕ್ಕೂ ನಡುವೆ ಮೂರು ವಾರ ಅಂತರ. ಗೊಬ್ಬರವನ್ನು ಮಣ್ಣಿನೊಳಗೆ ಸೇರಿಸಿ ಮೇಲೆ ದಪ್ಪವಾಗಿ ಸೋಗೆ ಹಾಸುವುದು. ಹನಿ ಬೀಳುವುದು ಸೋಗೆಯ ಮೇಲೆ. ಕಳಿತ ಸಾವಯವ ಪದಾರ್ಥ ತಾಮ್ರವನ್ನು ಸಾಕಷ್ಟು ಹಿಡಿದಿಟ್ಟುಕೊಳ್ಳುತ್ತದೆ ಕೂಡ.

ಕೇಳದೇ ಇದ್ದ ಒಂದು ಮಾತು: ಬೋರ್ಡೋ ಬಿದ್ದ ತೋಟದ ಒಂದೆಲಗವನ್ನು ತಂಬುಳಿಗೂ ಔಷಧಕ್ಕೂ ಕೊಯ್ಯಬೇಡಿ. ಮನೆಖರ್ಚಿಗೆ ಬಾವಿಕಟ್ಟೆಯ ಹತ್ತಿರ ಬೇರೆಯೇ ಒಂದು ಮಡಿ ಮಾಡಿಕೊಳ್ಳಿ.

ಪ್ರಶ್ನೆ: ಬಜೆಯನ್ನು ಗುಡ್ಡದ ಮೇಲೆ ನೀರಿಲ್ಲದೆ ಬೆಳೆಯಲು ಯಾವ ಜೈವಿಕ ಗೊಬ್ಬರ ಒಳ್ಳೆಯದು?
— ಯಲ್ಲಾಪುರದ ಓದುಗರು

ಉತ್ತರ: ಯಾವುದೂ ಇಲ್ಲ. ಬಜೆ ಕೆಸರಿನ ಗಿಡ. ಗುಡ್ಡಕ್ಕೆ ಲೋಳೆಸರ ಹಾಕಿ, ಬಜೆಯನ್ನು ಅಗಳದ ಕೆಳಗಿನ ಜವುಳು ನೆಲಕ್ಕೆ ಇಳಿಸಿ.

ಪ್ರಶ್ನೆ: ಬಾಯಾರಿದ ಗಿಡದಲ್ಲಿ ಔಷಧಿಯ ಸತ್ವ ಹೆಚ್ಚು ಎಂದು ನಮ್ಮ ಊರಿನ ನಾಟಿ ವೈದ್ಯರು ಹೇಳುತ್ತಾರೆ. ಹಾಗಾದರೆ ನೆಲಬೇವಿಗೆ ಗೊಬ್ಬರ, ನೀರು ಕೊಟ್ಟು ಉಪಚಾರ ಮಾಡುವುದು ತಪ್ಪಲ್ಲವೇ?
— ಹೊನ್ನಾವರದ ಓದುಗರು

ಉತ್ತರ: ವೈದ್ಯರ ಮಾತು ಅರ್ಧ ಸರಿ, ಆ ಅರ್ಧ ಗಟ್ಟಿಯಾದದ್ದು. ಗಿಡದ ಕಹಿ, ಘಾಟು, ಪರಿಮಳ ಎಲ್ಲ ಅದರ ಆತ್ಮರಕ್ಷಣೆಯ ಸಾಮಾನು. ಹದವಾದ ಕಷ್ಟ ಬಂದಾಗ ಅನೇಕ ಗಿಡಗಳು ಅವನ್ನು ಹೆಚ್ಚು ತಯಾರಿಸುತ್ತವೆ. ಆದರೆ ಬಾಯಾರಿದ ಗಿಡ ಬೆಳೆಯುವುದಿಲ್ಲ. ಸುಮ್ಮನೆ ಲೆಕ್ಕಕ್ಕೆ ಹಿಡಿಯೋಣ: ನೀರು ಕಂಡ ನೆಲಬೇವು 100 ಕಿಲೋ, ಅದರಲ್ಲಿ ನೂರಕ್ಕೆ 2ರಂತೆ ಕಹಿ ಸತ್ವ, ಒಟ್ಟು 2 ಕಿಲೋ. ಬಾಯಾರಿದ್ದು 60 ಕಿಲೋ, ಸತ್ವ ನೂರಕ್ಕೆ 2.4, ಒಟ್ಟು 1 ಕಿಲೋ 440 ಗ್ರಾಂ. ಕಷಾಯ ಕುಡಿಯುವವನಿಗೆ ಎರಡನೆಯದು ಜೋರು, ಬೆಳೆದವನಿಗೆ ಎರಡೂ ಕಡೆ ನಷ್ಟ, ಏಕೆಂದರೆ ವ್ಯಾಪಾರಿ ಹೆಚ್ಚಾಗಿ ತಕ್ಕಡಿಯನ್ನು ನಂಬುತ್ತಾನೆ.

ಸಾವಯವ ಗೊಬ್ಬರ ಮತ್ತು ಸೂಕ್ಷ್ಮಜೀವಿಗಳ ಮೇಲೆ ನನಗಿರುವ ಒಲವಿಗೆ ಇದೇ ಕಾರಣ. ಯೂರಿಯಾ ತಿಂದ ಗಿಡ ದಷ್ಟಪುಷ್ಟವಾಗಿ, ಎಲೆ ಅಗಲವಾಗಿ, ಮೊದಲ ಬಿಸಿಲಿಗೇ ಜೋತು ಬೀಳುತ್ತದೆ. ಎರೆಗೊಬ್ಬರದ ಗಿಡ ಅಷ್ಟು ಸೊಕ್ಕುವುದಿಲ್ಲ. ಅದಕ್ಕೆ ಸ್ವಲ್ಪ ಕಷ್ಟ ಗೊತ್ತಾಗುತ್ತದೆ, ಸಾಯುವಷ್ಟು ಗೊತ್ತಾಗುವುದಿಲ್ಲ. ನೆಲಬೇವನ್ನು ಹೂ ಬಿಡತೊಡಗಿದಾಗ ಕೊಯ್ಯಿರಿ. ಕೊಯ್ಯುವ ಮುಂಚಿನ ಒಂದು ವಾರ ನೀರು ನಿಲ್ಲಿಸಿ ನೋಡಿ. ವೈದ್ಯರಿಗೂ ಸಮಾಧಾನ.

ಪ್ರಶ್ನೆ: ಮೈಕೊರೈಜಾವನ್ನು ಮನೆಯಲ್ಲೇ ತಯಾರಿಸಬಹುದೇ? ಪ್ರತಿ ವರ್ಷ ಕೊಳ್ಳುವುದು ದುಬಾರಿ.
— ಸೋಂದಾದ ಓದುಗರು

ಉತ್ತರ: ಖಂಡಿತ. ನನ್ನ ಗಾಜಿನ ತಟ್ಟೆಗಳನ್ನು ಸೋಲಿಸಿದ ಜೀವಿ ಇದು. ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಹಾಕಿದ ಗಂಜಿ ಸಾಕು. ಇದಕ್ಕೆ ಜೀವಂತ ಬೇರೇ ಬೇಕು. ಹಾಗಾಗಿ ಪ್ರಯೋಗಾಲಯಕ್ಕಿಂತ ರಾಗಿ ಮಡಿಯಲ್ಲಿ ಇದು ಸುಖವಾಗಿರುತ್ತದೆ. ಬೇರು ಮತ್ತು ಶಿಲೀಂಧ್ರ ಎಂಬ ಎರಡು ಗ್ರೀಕ್ ಪದಗಳನ್ನು ಕೂಡಿಸಿ 1885ರಲ್ಲಿ ಈ ಹೆಸರಿಟ್ಟವರು ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್. ಅವರು ಹುಡುಕಲು ಹೊರಟದ್ದು ನೆಲದೊಳಗೆ ಬೆಳೆಯುವ, ಶ್ರೀಮಂತರು ತಿನ್ನುವ ಒಂದು ಅಣಬೆಯನ್ನು ಬೆಳೆಸುವ ದಾರಿಯನ್ನು. ಸಿಕ್ಕಿದ್ದು ಬೇರಿನ ಗುಟ್ಟು.

ಏಪ್ರಿಲ್ ಬಿಸಿಲಿನಲ್ಲಿ ಮರಳು ಮತ್ತು ಮಣ್ಣನ್ನು ಸಮ ಬೆರೆಸಿ, ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ ಒಂದೂವರೆ ತಿಂಗಳು ಕಾಯಿಸಿ. ಜಂತುಹುಳು, ಕೊಳೆರೋಗದ ಬೀಜಕ ಬಹುಪಾಲು ಸಾಯುತ್ತವೆ. ಮೂರು ಅಡಿ ಉದ್ದ, ಮೂರು ಅಡಿ ಅಗಲ, ಒಂದು ಅಡಿ ಆಳದ ಗುಂಡಿಗೆ ಟಾರ್ಪಾಲು ಹಾಸಿ ಈ ಮಣ್ಣು ತುಂಬಿ. ಒಮ್ಮೆ ಮಾತ್ರ ನಂಬಿಕಸ್ಥ ಕಡೆಯಿಂದ ಒಂದು ಕಿಲೋ ಮೈಕೊರೈಜಾ ತಂದು ಎರಡು ಅಂಗುಲ ಕೆಳಗೆ ಪದರವಾಗಿ ಹರಡಿ ಮುಚ್ಚಿ, ಮೇಲೆ ಮುಸುಕಿನ ಜೋಳ ಅಥವಾ ರಾಗಿ ಬಿತ್ತಿ. ಸಾಸಿವೆ, ಮೂಲಂಗಿ ಬೇಡ. ಆ ಕುಲದವು ಈ ಶಿಲೀಂಧ್ರವನ್ನು ಬೇರಿನೊಳಗೆ ಸೇರಿಸುವುದಿಲ್ಲ. ಮೂಳೆಪುಡಿ, ಕೋಳಿಗೊಬ್ಬರ ಹಾಕಬೇಡಿ, ರಂಜಕ ಹೆಚ್ಚಾದರೆ ಶ್ರಮ ವ್ಯರ್ಥ. ಗುಂಡಿಯ ಮೇಲೆ ಮಳೆ ನೇರವಾಗಿ ಬೀಳದಂತೆ ಮಾಡು ಬೇಕು, ನಮ್ಮ ಜುಲೈ ಮಳೆಗೆ ಅದು ಸ್ನಾನದ ತೊಟ್ಟಿಯಾಗಿಬಿಡುತ್ತದೆ. ಎರಡೂವರೆ, ಮೂರು ತಿಂಗಳು ಬೆಳೆದ ಮೇಲೆ ಕೊನೆಯ ಹತ್ತು ದಿನ ನೀರು ನಿಲ್ಲಿಸಿ. ಗಿಡ ಸಾಯುತ್ತಿದೆ ಎಂದು ಗೊತ್ತಾದಾಗ ಶಿಲೀಂಧ್ರ ಬೀಜಕ ಕಟ್ಟುತ್ತದೆ. ನಮಗೆ ಬೇಕಾದದ್ದು ಅದೇ. ಗಿಡದ ಮೇಲ್ಭಾಗವನ್ನು ಕೊಯ್ದು ದನಕ್ಕೆ ಹಾಕಿ. ಬೇರನ್ನು ಸಣ್ಣದಾಗಿ ಕತ್ತರಿಸಿ ಅದೇ ಮಣ್ಣಿಗೆ ಬೆರೆಸಿ, ನೆರಳಿನಲ್ಲಿ ಆರಿಸಿ, ಗೋಣಿಯಲ್ಲಿ ತಂಪಾದ ಕಡೆ ಇಡಿ. ಒಂದು ಕೊಟ್ಟೆಗೆ ಎರಡು ಚಮಚ ಸಾಕು. ಅದರಲ್ಲೇ ಒಂದಿಷ್ಟು ತೆಗೆದಿಟ್ಟರೆ ಮುಂದಿನ ವರ್ಷದ ಹೆಪ್ಪು.

ಕಾಡಿನ ಮರದ ಬುಡದ ಮಣ್ಣನ್ನೇ ಹೆಪ್ಪಾಗಿ ತರಬಹುದೇ ಎಂದೂ ಕೇಳಿದ್ದೀರಿ. ತರಬಹುದು, ಶಿಲೀಂಧ್ರ ಅದರಲ್ಲಿ ಇರುತ್ತದೆ. ಕರೆಯದ ನೆಂಟರೂ ಜೊತೆಗೆ ಬರುತ್ತಾರೆ. ಮೊದಲು ಐದು ಕೊಟ್ಟೆಯಲ್ಲಿ ಹಾಕಿ ಸಸಿ ಕೊಳೆಯುತ್ತದೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ಜೀವಾಮೃತ ಒಂದೇ ಸಾಕಲ್ಲವೇ?
— ಮುಂಡಗೋಡದ ಓದುಗರು

ಉತ್ತರ: 200 ಲೀಟರ್ ನೀರಿಗೆ 10 ಕಿಲೋ ಸಗಣಿ, 10 ಲೀಟರ್ ಗೋಮೂತ್ರ, ಎರಡೆರಡು ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಹೊದಿಕೆಯ ಕೆಳಗೆ ಹಸಿ ಮಣ್ಣಿದ್ದರೆ ಅಲ್ಲಿನ ಜೀವಿಗಳಿಗೆ ಇದು ಹಬ್ಬದೂಟ. ಬಿರಿದ ನೆಲಕ್ಕೆ ಏಪ್ರಿಲ್ ಮಧ್ಯಾಹ್ನ ಸುರಿದರೆ ಉಣ್ಣುವವರಿಲ್ಲದ ಮನೆಯಲ್ಲಿ ಪಾಯಸ ಬಡಿಸಿದಂತೆ. ನಿಮ್ಮ ಕಡೆ ಮಳೆ ನಮ್ಮದಕ್ಕಿಂತ ತೀರಾ ಕಡಿಮೆ. ಬೆಲ್ಲದ ದುಡ್ಡಿನಲ್ಲಿ ಮೊದಲು ಭತ್ತದ ಹುಲ್ಲು ಕೊಳ್ಳಿ.

ಪ್ರಶ್ನೆ: ಸಮುದ್ರದ ಹತ್ತಿರ ಉಸುಕಿನ ಹಿತ್ತಲು. ತುಳಸಿ, ದೊಡ್ಡಪತ್ರೆ, ಆಡುಸೋಗೆ ಬೆಳೆಸಿದ್ದೇನೆ. ತೆಂಗಿಗೆ ಹಾಕುವಂತೆ ಒಣಗಿಸಿದ ತಾರಲಿ ಮೀನು ಹಾಕಿದರೆ ಬೇಸಗೆ ತಡೆಯುತ್ತವೆಯೇ?
— ಅಂಕೋಲೆಯ ಓದುಗರು

ಉತ್ತರ: ತಾರಲಿಯಲ್ಲಿ ಸಾರಜನಕ, ರಂಜಕ ಧಾರಾಳವಾಗಿವೆ, ತೇವ ಹಿಡಿಯುವ ಗುಣವಿಲ್ಲ. ಉಸುಕಿಗೆ ಬೇಕಾದದ್ದು ಅದು. ಸಣ್ಣ ಗಿಡದ ಬುಡಕ್ಕೆ ಉಪ್ಪುಮೀನು ಬಿದ್ದರೆ ನೀರಿದ್ದೂ ಬೇರು ಹೀರಲಾರದು, ಬರದ ಮೇಲೆ ಇನ್ನೊಂದು ಬರ. ತೆಂಗಿಗೆ ಮಾತ್ರ ಅದನ್ನು ಜೀರ್ಣಿಸಿಕೊಳ್ಳುವ ತಾಕತ್ತಿದೆ. ನಿಮ್ಮೂರಿನಲ್ಲಿ ತೆಂಗಿನ ನಾರಿನ ಪುಡಿ ಸಿಗುತ್ತದೆ. ಅದು ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಹಸಿಯಾಗಿ ಹಾಕಬೇಡಿ. ಮಳೆಗಾಲವಿಡೀ ರಾಶಿ ಹಾಕಿ ನೆನೆಯಲು ಬಿಡಿ, ಅದರ ಕಂದು ಒಗರು ತೊಳೆದು ಹೋಗಲಿ. ಆಮೇಲೆ ಸಗಣಿಯ ಜೊತೆ ಪದರ ಪದರವಾಗಿ ಹಾಕಿ ಕಳಿಯಲು ಬಿಡಿ, ತಾರಲಿ ಹಾಕಲೇಬೇಕೆಂದಿದ್ದರೆ ಸಿಹಿನೀರಿನಲ್ಲಿ ಎರಡು ಸಲ ತೊಳೆದು ಆ ಪದರದ ನಡುವೆ ಹಾಕಿ. ನಾಲ್ಕೈದು ತಿಂಗಳಲ್ಲಿ ಕಪ್ಪಾಗಿ, ಮಣ್ಣಿನ ವಾಸನೆ ಬಂದಾಗ ಗಿಡಕ್ಕೆ ಕೊಡಿ. ಕಡಲಕಳೆ ತಂದರೂ ಇದೇ ಕ್ರಮ, ಮೊದಲು ಉಪ್ಪು ಹೋಗಬೇಕು.

ರಾಶಿಯ ಮೇಲೆ ಮಾತ್ರ ಒಂದು ಹಳೆಯ ಬಲೆ ಹೊದಿಸಿ ನಾಲ್ಕು ಕಡೆ ಚಿರೇಕಲ್ಲು ಇಡಿ. ಇಲ್ಲದಿದ್ದರೆ ಗೊಬ್ಬರವನ್ನು ತಿರುವಿ ಹಾಕುವ ಕೆಲಸವನ್ನು ಬೀದಿಯ ನಾಯಿಗಳು ರಾತ್ರಿಯೇ ಮುಗಿಸಿರುತ್ತವೆ.